ಭೂಮಿ ಬಿಸಿಯಾಗುತ್ತಿದೆ ಎಂದು ನಂಬುವುದು ಒಂದು ದೀನೇ?

2009ರ ನವೆಂಬರ್ 3ರಂದು ಲಂಡನ್ನಿನ ಎಂಪ್ಲಾಯ್‌ಮೆಂಟ್ ಅಪೀಲ್ ಟ್ರಿಬ್ಯೂನಲ್ ಒಂದು ವಿಚಿತ್ರ ಪ್ರಶ್ನೆಗೆ ಉತ್ತರ ಕೊಟ್ಟಿತು. ಟಿಮ್ ನಿಕಲ್ಸನ್ ಎಂಬವರು ಗ್ರೇಂಜರ್ ಎಂಬ ದೊಡ್ಡ ಆಸ್ತಿ ಕಂಪನಿಯಲ್ಲಿ ಪರಿಸರ ವಿಭಾಗದ ಮುಖ್ಯಸ್ಥರಾಗಿದ್ದರು. 2008ರಲ್ಲಿ ಅವರ ಕೆಲಸ ಹೋಯಿತು. ಹುದ್ದೆ ಇನ್ನು ಅಗತ್ಯವಿಲ್ಲ ಎಂದು ಕಂಪನಿ ಹೇಳಿತು. ಅಲ್ಲ, ಹವಾಮಾನದ ಬಗ್ಗೆ ನನಗಿರುವ ನಂಬಿಕೆಯೇ ಕಾರಣ ಎಂದು ನಿಕಲ್ಸನ್ ದಾವೆ ಹೂಡಿದರು. ಇಂಗಾಲದ ಹೊಗೆ ಭೂಮಿಯನ್ನು ಹಾಳು ಮಾಡುತ್ತದೆಂದು ನಂಬಿದ ಕಾರಣ ತಾನು ವಿಮಾನ ಹತ್ತುವುದಿಲ್ಲ, ಮನೆಯನ್ನೂ ಅದಕ್ಕೆ ಸರಿಯಾಗಿ ರಿಪೇರಿ ಮಾಡಿಸಿದ್ದೇನೆ, ಬದುಕಿನ ಪ್ರತಿ ತೀರ್ಮಾನವನ್ನೂ ಈ ನಂಬಿಕೆಯೇ ನಡೆಸುತ್ತದೆ ಎಂದು ಅವರು ಹೇಳಿಕೊಂಡರು. ಬ್ರಿಟನ್ನಿನಲ್ಲಿ ಧರ್ಮ ಅಥವಾ ನಂಬಿಕೆಯ ಕಾರಣಕ್ಕೆ ಕೆಲಸಗಾರನಿಗೆ ಭೇದ ಮಾಡಬಾರದು ಎಂಬ 2003ರ ನಿಯಮ ಇತ್ತು. ಆ ರಕ್ಷಣೆ ನನಗೂ ಬೇಕು ಎಂಬುದು ಅವರ ಬೇಡಿಕೆ.

ತೀರ್ಪು ಕೊಟ್ಟವರು ನ್ಯಾಯಮೂರ್ತಿ ಮೈಕೆಲ್ ಬರ್ಟನ್. ಇಂಥ ನಂಬಿಕೆ ಮನಃಪೂರ್ವಕವಾಗಿದ್ದರೆ ಅದು ಕಾನೂನಿನ ರಕ್ಷಣೆಗೆ ಅರ್ಹವಾದ ತಾತ್ವಿಕ ನಂಬಿಕೆ ಆಗಬಲ್ಲದು ಎಂದು ಅವರು ಹೇಳಿದರು. ಮರುದಿನ ಪತ್ರಿಕೆಗಳಿಗೆ ಹಬ್ಬ. ಹವಾಮಾನ ಬದಲಾವಣೆ ಈಗ ಕೋರ್ಟು ಒಪ್ಪಿದ ಧರ್ಮ ಎಂದು ಗೇಲಿ ಮಾಡಿದವರು ಬಹಳ. ಆದರೆ ಬರ್ಟನ್ ಹಾಗೆ ಹೇಳಿರಲಿಲ್ಲ. ನಂಬಿಕೆಯೊಂದಕ್ಕೆ ರಕ್ಷಣೆ ಸಿಗಬೇಕಾದರೆ ಐದು ಪರೀಕ್ಷೆ ದಾಟಬೇಕು ಎಂದು ಅವರು ಪಟ್ಟಿ ಮಾಡಿದರು. ಅದು ಮನಸಾರೆ ಇರಬೇಕು. ಇವತ್ತು ಸಿಕ್ಕ ಮಾಹಿತಿಯ ಮೇಲೆ ಹೇಳುವ ಬರೀ ಅಭಿಪ್ರಾಯವಾಗಿರದೆ ನಂಬಿಕೆಯಾಗಿರಬೇಕು. ಮನುಷ್ಯ ಜೀವನದ ಗಂಭೀರ ವಿಷಯಕ್ಕೆ ಸಂಬಂಧಿಸಿರಬೇಕು. ಅದರಲ್ಲಿ ತೂಕ, ಹೊಂದಾಣಿಕೆ ಇರಬೇಕು. ಪ್ರಜಾಪ್ರಭುತ್ವದಲ್ಲಿ ಗೌರವಕ್ಕೆ ಅರ್ಹವಾಗಿರಬೇಕು, ಇನ್ನೊಬ್ಬರ ಹಕ್ಕಿಗೆ ಅಡ್ಡ ಬರಬಾರದು.

ಈ ಕೇಸಿನಲ್ಲಿ ನನಗೆ ತುಂಬಾ ಸ್ವಾರಸ್ಯ ಅನಿಸಿದ್ದು ಕಂಪನಿಯ ವಾದ. ಹವಾಮಾನ ಬದಲಾವಣೆ ವಿಜ್ಞಾನದ ವಿಷಯ, ಪುರಾವೆಯಿಂದ ತೀರ್ಮಾನವಾಗುವಂಥದ್ದು, ಹಾಗಾಗಿ ಅದನ್ನು ಧರ್ಮದ ಸಾಲಿನಲ್ಲಿ ಕೂರಿಸಬೇಡಿ ಎಂದು ಕಂಪನಿಯ ವಕೀಲರೇ ವಾದಿಸಿದರು. ಅಂದರೆ ಕೆಲಸ ಕಳೆದುಕೊಂಡವನು "ನನ್ನದು ನಂಬಿಕೆ" ಎನ್ನಬೇಕಾಯಿತು, ಕೆಲಸದಿಂದ ತೆಗೆದವರು "ಅದು ವಿಜ್ಞಾನ" ಎನ್ನಬೇಕಾಯಿತು. ಇದೇ ಬರ್ಟನ್ 2007ರಲ್ಲಿ ಇನ್ನೊಂದು ಕೇಸಿನಲ್ಲಿ, ಅಲ್ ಗೋರ್ ಅವರ ಹವಾಮಾನದ ಸಿನಿಮಾವನ್ನು ಶಾಲೆಗಳಲ್ಲಿ ತೋರಿಸುವುದರ ಬಗ್ಗೆ ವಿಚಾರಣೆ ನಡೆಸಿ, ಮುಖ್ಯ ವಿಷಯ ವಿಜ್ಞಾನಕ್ಕೆ ಒಪ್ಪುವಂಥದ್ದೇ, ಆದರೆ ಒಂಬತ್ತು ಕಡೆ ವಿಜ್ಞಾನದ ಒಮ್ಮತವನ್ನು ಮೀರಿ ಹೇಳಲಾಗಿದೆ, ಆದ್ದರಿಂದ ಶಿಕ್ಷಕರಿಗೆ ಸರಿಯಾದ ಟಿಪ್ಪಣಿ ಕೊಟ್ಟೇ ತೋರಿಸಿ ಎಂದಿದ್ದರು. ಒಬ್ಬನೇ ನ್ಯಾಯಾಧೀಶ ಒಮ್ಮೆ ಪುರಾವೆ ತೂಗಿದರು, ಒಮ್ಮೆ ನಂಬಿಕೆಯನ್ನು ರಕ್ಷಿಸಿದರು. ಎರಡೂ ಬೇರೆ ಬೇರೆ ಪ್ರಶ್ನೆ ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಚರ್ಚೆಗಳಲ್ಲಿ ಈ ಎರಡೂ ಕಲಸಿ ಹೋಗುತ್ತವೆ. ಅದನ್ನು ಬಿಡಿಸಿ ನೋಡುವ ಪ್ರಯತ್ನ ಈ ಲೇಖನ.

ನಮ್ಮಲ್ಲಿ ಕೇಳಿ ಬರುವ ಮಾತು

2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿ ಹೋದ ನಂತರ ಉಪ್ಪನ ಅಂಗಡಿಯ ಬೆಂಚಿನಲ್ಲಿ ಇದೇ ಚರ್ಚೆ ವಾರಗಟ್ಟಲೆ ನಡೆಯಿತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಹೋದ ದುರಂತ ಅದು. ಕಾಲೇಜಿಗೆ ಹೋಗುವ ಹುಡುಗರು "ಇದು ಕ್ಲೈಮೇಟ್ ಚೇಂಜ್" ಎಂದರು. ಹಿರಿಯ ಕಾಕ ಒಬ್ಬರು "ಮಳೆ ಕೊಡುವವನು ಅಲ್ಲಾಹು. ಇವರದ್ದೆಲ್ಲ ಹೊಸ ದೀನು, ನಮಗೆ ನಮ್ಮದು ಸಾಕು" ಎಂದರು. ಹುಡುಗರು ಅವರನ್ನು ಹಳೆಯ ಕಾಲದವರು ಎಂದುಕೊಂಡರು. ಅವರು ಹುಡುಗರನ್ನು ದಾರಿ ತಪ್ಪಿದವರು ಎಂದುಕೊಂಡರು. ಮಾತು ಅಲ್ಲಿಗೇ ನಿಂತಿತು.

ಆ ಕಾಕನಿಗೆ ಗೊತ್ತಿರಲಿಕ್ಕಿಲ್ಲ, ಅವರು ಹೇಳಿದ ಮಾತನ್ನೇ ಅಮೆರಿಕದ ದೊಡ್ಡ ದೊಡ್ಡ ಜನ ಹೇಳಿದ್ದಾರೆ. ಅದಕ್ಕೂ ಒಂದು ಚರಿತ್ರೆ ಇದೆ.

ಆರೋಪದ ಚರಿತ್ರೆ

1967ರಲ್ಲಿ ಲಿನ್ ವೈಟ್ ಎಂಬ ಇತಿಹಾಸಕಾರ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಪ್ರಕೃತಿ ಇರುವುದೇ ಮನುಷ್ಯನ ಉಪಯೋಗಕ್ಕೆ ಎಂಬ ಪಾಶ್ಚಾತ್ಯ ಕ್ರೈಸ್ತ ಧೋರಣೆಯೇ ಪರಿಸರ ಹಾಳಾಗಲು ಮೂಲ, ರೋಗದ ಬೇರು ಧಾರ್ಮಿಕವಾದ್ದರಿಂದ ಮದ್ದೂ ಧಾರ್ಮಿಕವೇ ಆಗಬೇಕು ಎಂಬುದು ಅವರ ವಾದ. ಪರಿಸರವಾದಿಗಳಿಗೆ ಸಂತ ಫ್ರಾನ್ಸಿಸ್ ಪೋಷಕ ಸಂತನಾಗಲಿ ಎಂದೂ ಸೂಚಿಸಿದರು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹಾಗೆಯೇ ಘೋಷಿಸಿದರು. ಪರಿಸರ ಮತ್ತು ಧರ್ಮವನ್ನು ಒಂದೇ ಹಗ್ಗದಲ್ಲಿ ಕಟ್ಟಿದವರು ಮೊದಲು ಪರಿಸರದ ಪರವಾಗಿದ್ದವರೇ ಎಂಬುದನ್ನು ಇಲ್ಲಿ ಗಮನಿಸಬೇಕು.

ಇದು ಬೈಗುಳವಾದದ್ದು ಆಮೇಲೆ. ಜುರಾಸಿಕ್ ಪಾರ್ಕ್ ಬರೆದ ಮೈಕೆಲ್ ಕ್ರೈಟನ್ 2003ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಭಾಷಣ ಮಾಡಿದರು. ಪರಿಸರವಾದ ಎಂಬುದು ದೇವರನ್ನು ಬಿಟ್ಟ ಪಟ್ಟಣದವರ ಧರ್ಮ ಎಂದರು. ಅದರಲ್ಲಿ ಸ್ವರ್ಗದಂಥ ಹಳೆಯ ಕಾಲ ಇದೆ, ಮನುಷ್ಯನ ಪಾಪ ಇದೆ, ಕೊನೆಯ ದಿನ ಇದೆ, ಪಾರಾಗುವ ದಾರಿಯೂ ಇದೆ ಎಂದು ಒಂದೊಂದಾಗಿ ಹೋಲಿಸಿದರು. 2008ರಲ್ಲಿ ಭೌತವಿಜ್ಞಾನಿ ಫ್ರೀಮನ್ ಡೈಸನ್ ಕೂಡಾ ಪರಿಸರವಾದವನ್ನು ಒಂದು ಲೌಕಿಕ ಧರ್ಮ ಎಂದೇ ಕರೆದರು. ಆದರೆ ಅವರು ಅದರ ನೀತಿಯನ್ನು ಗೌರವಿಸಿದರು, ಹವಾಮಾನದ ಭಯ ಅತಿಯಾಯಿತು ಎಂದಷ್ಟೇ ತಕರಾರು ಮಾಡಿದರು.

ಈ ಬೆಂಕಿಗೆ ತುಪ್ಪ ಹಾಕಿದವರು ನಮ್ಮ ದೇಶದವರೇ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಅಧ್ಯಕ್ಷರಾಗಿದ್ದ ರಾಜೇಂದ್ರ ಪಚೌರಿ 2015ರ ಫೆಬ್ರವರಿಯಲ್ಲಿ ಲೈಂಗಿಕ ಕಿರುಕುಳದ ಆರೋಪ ಬಂದು ರಾಜೀನಾಮೆ ಕೊಟ್ಟಾಗ, ಭೂಮಿಯ ರಕ್ಷಣೆಯೇ ತನಗೆ ಧರ್ಮ ಎಂಬರ್ಥದ ಮಾತನ್ನು ಪತ್ರದಲ್ಲಿ ಬರೆದರು. "ನೋಡಿ, ಇವರೇ ಒಪ್ಪಿಕೊಂಡರು" ಎಂದು ವಿರೋಧಿಗಳು ಕುಣಿದರು. ನಮ್ಮ ಭಾಷೆಗಳಲ್ಲಿ ಧರ್ಮ ಎಂದರೆ ಕರ್ತವ್ಯ ಎಂಬ ಅರ್ಥವೂ ಇದೆ ಎಂದು ಅವರಿಗೆ ಹೇಳುವವರು ಯಾರು?

ಹೋಲಿಕೆ ಎಲ್ಲಿದೆ

ಪ್ರಾಮಾಣಿಕವಾಗಿ ನೋಡಿದರೆ ಕೆಲವು ಹೋಲಿಕೆ ಖಂಡಿತ ಇದೆ. ವಿಮಾನದಲ್ಲಿ ಹೋಗುವವರು ಸ್ವಲ್ಪ ಹಣ ಕೊಟ್ಟು ಎಲ್ಲೋ ಗಿಡ ನೆಡಿಸಿ ತಮ್ಮ ಹೊಗೆಯ ಲೆಕ್ಕ ಚುಕ್ತಾ ಮಾಡಿಕೊಳ್ಳುವ ವ್ಯವಸ್ಥೆಯಿದೆ. ಹಿಂದೆ ಯುರೋಪಿನ ಚರ್ಚುಗಳಲ್ಲಿ ಹಣ ಕೊಟ್ಟು ಪಾಪದ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ಚೀಟಿ ಸಿಗುತ್ತಿತ್ತು. 1517ರಲ್ಲಿ ಮಾರ್ಟಿನ್ ಲೂಥರ್ ಸಿಡಿದೆದ್ದದ್ದು ಅದರ ವಿರುದ್ಧವೇ. ಎರಡನ್ನೂ ಹೋಲಿಸಿ ನಗುವವರಿಗೆ ನಾನು ಬೇಡ ಎನ್ನಲಾರೆ. ನಾಳೆಯೇ ಲೋಕ ಮುಗಿಯುತ್ತದೆ ಎಂಬಂತೆ ಮಾತಾಡುವ ಭಾಷಣಕಾರರಿದ್ದಾರೆ. ಪ್ರಶ್ನೆ ಕೇಳಿದವನನ್ನು ಕಾಫಿರನಂತೆ ನೋಡುವವರೂ ಇದ್ದಾರೆ. ಮಾಂಸ ತಿನ್ನುವುದನ್ನೇ ಪಾಪ ಮಾಡಿ, ಅದನ್ನು ನಮ್ಮಂಥ ಸಮುದಾಯಗಳ ತಲೆಗೆ ಕಟ್ಟಲು ಹವಾಮಾನದ ಹೆಸರು ಬಳಸುವವರನ್ನೂ ನಾನು ಕಂಡಿದ್ದೇನೆ.

ಆದರೆ ಇವೆಲ್ಲ ಜನರ ವರ್ತನೆ. ಕ್ರಿಕೆಟ್ ಅಭಿಮಾನಿಗಳಲ್ಲೂ ಇದೇ ಭಕ್ತಿ, ಇದೇ ಜಗಳ ಇದೆ. ಅದರಿಂದ ಸ್ಕೋರ್ ಬೋರ್ಡು ಸುಳ್ಳಾಗುವುದಿಲ್ಲ. ಹಾಗಾದರೆ ಸ್ಕೋರ್ ಬರೆದವರು ಯಾರು, ಹೇಗೆ ಬರೆದರು ಎಂದು ನೋಡಬೇಕು.

ಲೆಕ್ಕ ಶುರುವಾದದ್ದು ಹೀಗೆ

ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೆ 1824ರಲ್ಲಿ ಒಂದು ಸರಳ ಪ್ರಶ್ನೆ ಎತ್ತಿದರು. ಸೂರ್ಯನಿಂದ ಸಿಗುವ ಶಾಖವನ್ನು ಭೂಮಿ ಆಕಾಶಕ್ಕೆ ಬಿಟ್ಟು ಬಿಡುತ್ತದೆಯಲ್ಲ, ಮತ್ತೆ ಇಷ್ಟು ಬೆಚ್ಚಗೆ ಇರುವುದು ಹೇಗೆ? ಗಾಳಿಯ ಹೊದಿಕೆ ಶಾಖವನ್ನು ತಡೆಯುತ್ತಿರಬೇಕು ಎಂದು ಅವರು ಊಹಿಸಿದರು. ಈಗಿನ ಲೆಕ್ಕದಲ್ಲಿ ಆ ಹೊದಿಕೆ ಇಲ್ಲದಿದ್ದರೆ ಭೂಮಿಯ ಸರಾಸರಿ ತಾಪಮಾನ ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ಹೊದಿಕೆ ಇರುವುದರಿಂದ ಸುಮಾರು 15 ಡಿಗ್ರಿ ಇದೆ.

1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಗಾಳಿ ತುಂಬಿ, ಥರ್ಮಾಮೀಟರ್ ಇಟ್ಟು, ಬಿಸಿಲಿಗೆ ಇಟ್ಟರು. ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆ ಎಲ್ಲಕ್ಕಿಂತ ಹೆಚ್ಚು ಬಿಸಿಯಾಯಿತು, ತಣಿಯಲೂ ಹೆಚ್ಚು ಹೊತ್ತು ಹಿಡಿಯಿತು. 1859ರಲ್ಲಿ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಇನ್ನೂ ಸೂಕ್ಷ್ಮ ಉಪಕರಣದಿಂದ ಅಳೆದರು. ಆಮ್ಲಜನಕ, ಸಾರಜನಕಗಳು ಶಾಖದ ಕಿರಣವನ್ನು ಬಿಟ್ಟು ಕೊಡುತ್ತವೆ, ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಹಿಡಿದುಕೊಳ್ಳುತ್ತವೆ ಎಂದು ತೋರಿಸಿದರು. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಕೈಯಲ್ಲೇ ಲೆಕ್ಕ ಹಾಕಿ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ 5ರಿಂದ 6 ಡಿಗ್ರಿ ಬಿಸಿಯಾಗುತ್ತದೆ ಎಂದರು. ಕಂಪ್ಯೂಟರುಗಳ ಇಂದಿನ ಅಂದಾಜು ಸುಮಾರು 3 ಡಿಗ್ರಿ. ಪೆನ್ಸಿಲ್ ಹಿಡಿದು ಹಾಕಿದ ಲೆಕ್ಕಕ್ಕೆ ಅದು ಕಡಿಮೆ ಸಾಧನೆಯಲ್ಲ.

ನನಗೆ ಎಲ್ಲರಿಗಿಂತ ಇಷ್ಟವಾದವರು ಗೈ ಕ್ಯಾಲೆಂಡರ್. ಆತ ಹವಾಮಾನ ತಜ್ಞ ಅಲ್ಲ, ಉಗಿಯಂತ್ರಗಳ ಎಂಜಿನಿಯರ್. ಪಾಲಿಟೆಕ್ನಿಕ್‌ನಲ್ಲಿ ಸ್ಟೀಮ್ ಟೇಬಲ್ ಹಿಡಿದು ಒದ್ದಾಡಿದ ನಮಗೆ ಸ್ವಂತದವನಂತೆ ಕಾಣುವ ಮನುಷ್ಯ. ಬಿಡುವಿನ ಹೊತ್ತಿನಲ್ಲಿ ಜಗತ್ತಿನ ಸುಮಾರು 150 ಕೇಂದ್ರಗಳ ಹಳೆಯ ತಾಪಮಾನದ ದಾಖಲೆ ಕೂಡಿಸಿ, 1938ರಲ್ಲಿ ಆತ ಹೇಳಿದ: ಹಿಂದಿನ ಐವತ್ತು ವರ್ಷಗಳಲ್ಲಿ ಭೂಮಿ ವರ್ಷಕ್ಕೆ 0.005 ಡಿಗ್ರಿಯಂತೆ ಬಿಸಿಯಾಗಿದೆ, ಅದರಲ್ಲಿ ಕಲ್ಲಿದ್ದಲಿನ ಹೊಗೆಯ ಪಾಲಿದೆ. ರಾಯಲ್ ಮೀಟಿಯೊರಾಲಾಜಿಕಲ್ ಸೊಸೈಟಿಯ ತಜ್ಞರು ಅದನ್ನು ಸುಲಭಕ್ಕೆ ಒಪ್ಪಲಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಅರೇನಿಯಸ್ ಆಗಲಿ, ಕ್ಯಾಲೆಂಡರ್ ಆಗಲಿ ಕೊನೆಯ ದಿನದ ಎಚ್ಚರಿಕೆ ಕೊಟ್ಟವರಲ್ಲ. ಚಳಿಯ ದೇಶಗಳಿಗೆ ಇದರಿಂದ ಒಳ್ಳೆಯದೇ ಆಗುತ್ತದೆ ಎಂದು ಇಬ್ಬರೂ ಖುಷಿ ಪಟ್ಟರು. ಹಿಮಯುಗ ಮತ್ತೆ ಬರುವುದು ತಪ್ಪಿತು ಎಂದು ಕ್ಯಾಲೆಂಡರ್ ಬರೆದ. ಭಯ ಮೊದಲು ಹುಟ್ಟಿ ಲೆಕ್ಕ ಆಮೇಲೆ ಬಂದಿದ್ದರೆ ಇದೊಂದು ಮತ ಎನ್ನಬಹುದಿತ್ತು. ಆದದ್ದು ತಿರುಗು ಮುರುಗು. ಲೆಕ್ಕ ಮೊದಲು ಬಂತು, ಭಯ ಹುಟ್ಟಲು ಮತ್ತೆ ಕೆಲವು ದಶಕ ಹಿಡಿಯಿತು.

1958ರ ಮಾರ್ಚಿನಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳತೆ ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ 313 ಭಾಗ ಇತ್ತು. 2024ರ ಸರಾಸರಿ 424ರ ಹತ್ತಿರ. ಕೈಗಾರಿಕೆ ಶುರುವಾಗುವ ಮೊದಲು ಸುಮಾರು 280 ಇತ್ತು ಎಂಬುದು ಹಳೆಯ ಮಂಜುಗಡ್ಡೆಯೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳಿಂದ ಗೊತ್ತಾಗಿದೆ.

ಅದು ನಮ್ಮದೇ ಹೊಗೆ ಎಂದು ಹೇಗೆ ಹೇಳುವುದು? 1955ರಲ್ಲಿ ಹಾನ್ಸ್ ಸೂಸ್ ಅದಕ್ಕೆ ಗುರುತು ಕಂಡುಹಿಡಿದರು. ಜೀವಂತ ಗಿಡದಲ್ಲಿ ಕಾರ್ಬನ್-14 ಎಂಬ ಬಗೆ ಸ್ವಲ್ಪ ಇರುತ್ತದೆ. ಕೋಟ್ಯಂತರ ವರ್ಷ ಹೂತು ಹೋದ ಕಲ್ಲಿದ್ದಲು, ಪೆಟ್ರೋಲಿನಲ್ಲಿ ಅದು ಪೂರ್ತಿ ಕರಗಿ ಹೋಗಿರುತ್ತದೆ. ಗಾಳಿಯಲ್ಲಿ ಕಾರ್ಬನ್-14ರ ಪಾಲು ತೆಳುವಾಗುತ್ತಿದೆಯೆಂದರೆ ಹಳೆಯ ಇಂಧನದ ಇಂಗಾಲ ಬಂದು ಸೇರುತ್ತಿದೆ ಎಂದರ್ಥ. ಹಾಲಿಗೆ ನೀರು ಬೆರೆಸಿದ್ದು ಲ್ಯಾಕ್ಟೋಮೀಟರಿನಲ್ಲಿ ಗೊತ್ತಾಗುವ ಹಾಗೆ.

ಸೂರ್ಯನೇ ಹೆಚ್ಚು ಸುಡುತ್ತಿರಬಾರದೇಕೆ ಎಂಬುದು ಅಂಗಡಿ ಬೆಂಚಿನಲ್ಲಿ ಬಂದ ಇನ್ನೊಂದು ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಸೂರ್ಯ ಕಾರಣವಾಗಿದ್ದರೆ ವಾತಾವರಣದ ಕೆಳಗಿನ ಪದರವೂ ಮೇಲಿನ ಪದರವೂ ಬಿಸಿಯಾಗಬೇಕು. ಹೊದಿಕೆ ದಪ್ಪವಾದದ್ದು ಕಾರಣವಾಗಿದ್ದರೆ ಕೆಳಗೆ ಬಿಸಿ, ಮೇಲೆ ತಂಪು ಆಗಬೇಕು. 1967ರಲ್ಲೇ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆಥರಾಲ್ಡ್ ಹೀಗೆ ಲೆಕ್ಕ ಹಾಕಿ ಹೇಳಿದ್ದರು. ಆಮೇಲೆ ಉಪಗ್ರಹ, ಬಲೂನುಗಳಿಂದ ಅಳೆದಾಗ ಹಾಗೆಯೇ ಕಂಡಿತು. ಮನಾಬೆಯವರಿಗೆ 2021ರಲ್ಲಿ ನೊಬೆಲ್ ಬಂತು.

ತಪ್ಪು ಸಿಕ್ಕಿದಾಗ ಏನಾಯಿತು

ಒಂದು ಪಂಗಡ ಮತವೋ ಅಲ್ಲವೋ ಎಂದು ನೋಡಲು ಅದರಲ್ಲಿ ತಪ್ಪು ಸಿಕ್ಕಾಗ ಏನು ಮಾಡುತ್ತಾರೆ ಎಂದು ನೋಡಬೇಕು. ಮೂರು ಪ್ರಸಂಗ ಹೇಳುತ್ತೇನೆ.

ಮೊದಲನೆಯದು ಐಪಿಸಿಸಿಯ ಮರ್ಯಾದೆ ಹೋದ ಕಥೆ. 2007ರ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರೊಳಗೆ ಕರಗಿ ಹೋಗಬಹುದು ಎಂದು ಬರೆದಿದ್ದರು. ಅದಕ್ಕೆ ಗಟ್ಟಿ ಆಧಾರ ಇರಲಿಲ್ಲ. 2009ರ ನವೆಂಬರಿನಲ್ಲಿ ಭಾರತದ ಭೂವಿಜ್ಞಾನಿ ವಿ. ಕೆ. ರೈನಾ ಅವರ ವರದಿ ಇದಕ್ಕೆ ಎದುರಾಗಿ ಬಂತು. ಅದನ್ನು ಬಿಡುಗಡೆ ಮಾಡಿದವರು ಆಗಿನ ಪರಿಸರ ಸಚಿವ, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಂ ರಮೇಶ್. ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನ ಎಂದು ಹೀಗಳೆದರು. ಆ ಮಾತಿನಲ್ಲಿ ಮೌಲ್ವಿಯ ಗರ್ವವೇ ಇತ್ತು ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ 2010ರ ಜನವರಿಯಲ್ಲಿ ಐಪಿಸಿಸಿ ತಪ್ಪಾಯಿತೆಂದು ಬಹಿರಂಗವಾಗಿ ವಿಷಾದಿಸಿತು. ಅಧ್ಯಕ್ಷರ ಗರ್ವಕ್ಕಿಂತ ಪುರಾವೆ ಮೇಲಾಯಿತು.

ಎರಡನೆಯದು ಅಮೆರಿಕದ ಅಲಬಾಮಾದ ಜಾನ್ ಕ್ರಿಸ್ಟಿ ಮತ್ತು ರಾಯ್ ಸ್ಪೆನ್ಸರ್ ಅವರದ್ದು. ಇಬ್ಬರೂ ಭೀತಿ ಅತಿಯಾಯಿತು ಎನ್ನುವ ಪಕ್ಷದವರು. ಅವರ ಉಪಗ್ರಹದ ಲೆಕ್ಕದಲ್ಲಿ ಬಹಳ ವರ್ಷ ಭೂಮಿ ಹೆಚ್ಚು ಬಿಸಿಯಾದದ್ದು ಕಾಣಲೇ ಇಲ್ಲ. ಉಪಗ್ರಹ ನಿಧಾನವಾಗಿ ದಾರಿ ಸರಿದು, ದಿನದ ಬೇರೆ ಹೊತ್ತಿನಲ್ಲಿ ಅಳೆಯುತ್ತಿತ್ತು. ಅದನ್ನು ಸರಿಪಡಿಸಿದ ಲೆಕ್ಕದಲ್ಲಿ ಕೂಡಿಸು-ಕಳೆ ಚಿಹ್ನೆ ತಲೆಕೆಳಗಾಗಿದೆ ಎಂದು 2005ರಲ್ಲಿ ಕಾರ್ಲ್ ಮಿಯರ್ಸ್ ಮತ್ತು ಫ್ರಾಂಕ್ ವೆಂಟ್ಜ್ ತೋರಿಸಿದರು. ಅಲಬಾಮಾದವರು ಒಪ್ಪಿಕೊಂಡು ತಿದ್ದಿದರು. ತಿದ್ದಿದ ಮೇಲೆ ಬಿಸಿ ಏರಿದ್ದು ಅವರ ಲೆಕ್ಕದಲ್ಲೂ ಕಂಡಿತು.

ಮೂರನೆಯದು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಅವರದ್ದು. ಹಳೆಯ ತಾಪಮಾನದ ದಾಖಲೆಗಳ ಮೇಲೆ ಅವರಿಗೆ ಅನುಮಾನ. ತಮ್ಮದೇ ತಂಡ ಕಟ್ಟಿ ಮೊದಲಿನಿಂದ ಲೆಕ್ಕ ಹಾಕಿದರು. ಪೆಟ್ರೋಲಿಯಂ ಉದ್ಯಮದಿಂದ ಶ್ರೀಮಂತರಾದ ಕೋಕ್ ಕುಟುಂಬದ ಪ್ರತಿಷ್ಠಾನವೊಂದರಿಂದಲೂ ಹಣ ಬಂತು. 2012ರಲ್ಲಿ ಅವರು ಬರೆದರು: 250 ವರ್ಷಗಳಲ್ಲಿ ನೆಲದ ತಾಪಮಾನ ಸುಮಾರು 1.5 ಡಿಗ್ರಿ ಏರಿದೆ, ಬಹುಮಟ್ಟಿಗೆ ಮನುಷ್ಯರೇ ಕಾರಣ. ತನ್ನ ಮನಸ್ಸು ಬದಲಾದದ್ದನ್ನು ಅವರು ಮತಾಂತರ ಎಂಬ ಪದದಿಂದಲೇ ಕರೆದುಕೊಂಡರು. ಆದರೆ ಇಲ್ಲಿ ಅವರನ್ನು ಮತಾಂತರ ಮಾಡಿದ್ದು ಯಾವ ಉಪದೇಶಿಯೂ ಅಲ್ಲ, ಅವರದೇ ಲೆಕ್ಕ.

ನಮಗೆ ಅರ್ಥವಾಗದ್ದನ್ನು ಒಪ್ಪುವುದು ಹೇಗೆ

"ನೀನು ಹವಾಯಿಗೆ ಹೋಗಿ ಅಳೆದಿದ್ದೀಯಾ? ಅವರು ಹೇಳಿದ್ದು, ನೀನು ನಂಬಿದ್ದು" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಮಸೀದಿಯ ಗೋಡೆಯಲ್ಲೇ ಇದೆ.

ನಮಾಜಿನ ಸಮಯದ ಪಟ್ಟಿ ನೋಡಿ. ಮುಂದಿನ ಡಿಸೆಂಬರಿನ ಮಗ್ರಿಬ್ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಂದು ಈಗಲೇ ಅಚ್ಚಾಗಿದೆ. ನಮ್ಮಲ್ಲಿ ಎಷ್ಟು ಜನರಿಗೆ ಆ ಲೆಕ್ಕ ಬರುತ್ತದೆ? ಆದರೂ ಸುಬಹಿಯಿಂದ ಇಶಾದವರೆಗೆ ಅದನ್ನೇ ನೋಡುತ್ತೇವೆ. ಯಾಕೆಂದರೆ ಬೇಕಾದವನು ಪರೀಕ್ಷಿಸಬಹುದು. ಅಂಗಳದಲ್ಲಿ ಒಂದು ಕೋಲು ನೆಡಿ. ಮಧ್ಯಾಹ್ನದ ನೆರಳನ್ನು ಬಿಟ್ಟು ಕೋಲಿನಷ್ಟೇ ನೆರಳು ಬೆಳೆದಾಗ ಶಾಫಿಈಗಳಾದ ನಮಗೆ ಅಸರ್. ಪಟ್ಟಿಯೂ ಕೋಲೂ ಒಂದೇ ಮಾತು ಹೇಳುತ್ತವೆ. ಖಗೋಳದ ಲೆಕ್ಕ ಒಪ್ಪಿದ ಮಾತ್ರಕ್ಕೆ ಯಾರೂ ಖಗೋಳ ಮತಕ್ಕೆ ಸೇರಿದ ಹಾಗೆ ಆಗಲಿಲ್ಲ. ಇನ್ನು ಪೆರ್ನಾಳಿನ ಚಂದ್ರನ ವಿಷಯ. ಚಂದ್ರ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಎಂಬುದು ಲೆಕ್ಕ. ಹಬ್ಬ ಯಾವಾಗ ಎಂಬುದು ಖಾಝಿಯವರ ತೀರ್ಮಾನ. ಕರಾವಳಿಯಲ್ಲಿ ಒಂದು ದಿನ, ಬೆಂಗಳೂರಿನಲ್ಲಿ ಮರುದಿನ ಹಬ್ಬವಾದ ವರ್ಷವೂ ಚಂದ್ರ ಒಬ್ಬನೇ. ಲೆಕ್ಕ ಒಂದು, ಹುಕುಂ ಇನ್ನೊಂದು ಎಂಬ ವ್ಯತ್ಯಾಸವನ್ನು ನಮಗೆ ಯಾರೂ ಹೊಸತಾಗಿ ಕಲಿಸಬೇಕಾಗಿಲ್ಲ.

ಅಂಗಡಿಯ ತಕ್ಕಡಿಯೂ ಹಾಗೆಯೇ. ಗಿರಾಕಿ ಉಪ್ಪನ ಮುಖ ನೋಡಿ ಮಾತ್ರ ಅಕ್ಕಿ ಒಯ್ಯುವುದಿಲ್ಲ. ತೂಕದ ಬಟ್ಟಿನ ಮೇಲೆ ಇಲಾಖೆಯ ಮುದ್ರೆ ಇದೆ, ಅನುಮಾನ ಬಂದರೆ ಪಕ್ಕದ ಅಂಗಡಿಯಲ್ಲಿ ಮತ್ತೆ ತೂಗಬಹುದು. ಅಮೆರಿಕ, ಬ್ರಿಟನ್, ಜಪಾನ್, ಯುರೋಪ್ ಬೇರೆ ಬೇರೆಯಾಗಿ ಲೆಕ್ಕ ಹಾಕಿವೆ. ಎಲ್ಲರ ತಕ್ಕಡಿಯೂ ಬಹುಮಟ್ಟಿಗೆ ಒಂದೇ ತೂಕ ತೋರಿಸುತ್ತದೆ: 1850-1900ರ ಕಾಲಕ್ಕಿಂತ 2011-2020ರ ದಶಕ ಸುಮಾರು 1.1 ಡಿಗ್ರಿ ಹೆಚ್ಚು ಬಿಸಿ.

ಧರ್ಮ ಎಂಬುದು ಬೈಗುಳವೇ?

ನನಗೆ ಈ ಚರ್ಚೆಯಲ್ಲಿ ಹೆಚ್ಚು ನೋವು ಕೊಡುವುದು ಬೇರೊಂದು ವಿಷಯ. "ಅದೊಂದು ಧರ್ಮ ಅಷ್ಟೇ" ಎಂದು ಹೇಳುವವರು ಧರ್ಮ ಎಂಬುದಕ್ಕೆ ಪುರಾವೆಯಿಲ್ಲದ ಕುರುಡು ಮಾತು ಎಂಬ ಅರ್ಥ ಕೊಡುತ್ತಾರೆ. ನಾವು ಅದಕ್ಕೆ ತಲೆಯಾಡಿಸಿದರೆ ನಮ್ಮ ಈಮಾನನ್ನೇ ಬೈದ ಹಾಗೆ. ಮದ್ರಸದಲ್ಲಿ ನಾವು ಕಲಿತದ್ದೇನು? ಈಮಾನ್ ಎಂಬುದು ಕಣ್ಣಿಗೆ ಕಾಣದ ಗೈಬಿನ ವಿಷಯಕ್ಕೆ. ಥರ್ಮಾಮೀಟರಿನ ಪಾದರಸ ಗೈಬಲ್ಲ. ನಾಳೆ ಹೊಸ ಅಳತೆ ಬಂದು ಹವಾಮಾನದ ಲೆಕ್ಕ ಬದಲಾದರೆ ವಿಜ್ಞಾನಿ ಮಾತು ಬದಲಾಯಿಸಬೇಕು. ನಮ್ಮ ಕಲಿಮ ಯಾವ ಅಳತೆಗೂ ಕಾದು ಕೂತಿಲ್ಲ. ಎರಡನ್ನೂ ಒಂದೇ ಡಬ್ಬಿಗೆ ಹಾಕಿದರೆ ಎರಡಕ್ಕೂ ಅನ್ಯಾಯ.

ಅದಕ್ಕೇ ಇರಬೇಕು, ಶ್ರದ್ಧಾವಂತರು ಅನೇಕರು ಈ ಲೆಕ್ಕದ ಒಳಗೇ ಇದ್ದರು. ಐಪಿಸಿಸಿಯ ಮೊದಲ ಮೂರು ವರದಿಗಳ ವಿಜ್ಞಾನ ಭಾಗವನ್ನು ಮುನ್ನಡೆಸಿದ ಸರ್ ಜಾನ್ ಹೌಟನ್ ಭಕ್ತ ಕ್ರೈಸ್ತ. ಅವರಿಗೆ ಹವಾಮಾನ ಹೊಸ ದೇವರಾಗಲಿಲ್ಲ. 2015ರ ಆಗಸ್ಟಿನಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ ಮುಸ್ಲಿಂ ವಿದ್ವಾಂಸರೂ ಒಂದು ಘೋಷಣೆ ಹೊರಡಿಸಿದರು. ಮನುಷ್ಯ ಭೂಮಿಯ ಮಾಲಕನಲ್ಲ, ಅಮಾನತ್ತು ಹೊತ್ತ ಖಲೀಫ ಎಂಬ ನೆಲೆಯಲ್ಲಿ ಬರೆದ ಘೋಷಣೆ ಅದು. ಮಳೆ ಕೊಡುವವನು ಅಲ್ಲಾಹು ಎಂಬ ಕಾಕನ ಮಾತಿಗೆ ಅದರಲ್ಲಿ ವಿರೋಧ ಇಲ್ಲ. ರೋಗವೂ ಅವನ ವಿಧಿಯೇ ಎಂದು ನಂಬುವ ನಾವೇ ಬಿಪಿ ಅಳೆಸಿಕೊಂಡು ಮಾತ್ರೆ ನುಂಗುತ್ತೇವಲ್ಲ.

ಆ ಘೋಷಣೆಯಲ್ಲಿ ನಮ್ಮನ್ನು ಚುಚ್ಚುವ ಮಾತೂ ಇದೆ. ಶ್ರೀಮಂತ ದೇಶಗಳೂ ಎಣ್ಣೆ ತೆಗೆಯುವ ದೇಶಗಳೂ ಈ ಶತಮಾನದ ಮಧ್ಯದೊಳಗೆ ಹೊಗೆ ನಿಲ್ಲಿಸಲು ಮುಂದಾಗಬೇಕು ಎಂದು ಅದು ಕೇಳಿತು. ಗಲ್ಫಿನ ಎಣ್ಣೆಯ ದುಡ್ಡಿನಿಂದ ಮನೆ ಕಟ್ಟಿದವರು, ತಂಗಿಯರ ಮದುವೆ ಮಾಡಿಸಿದವರು ನಾವು. ಹವಾಮಾನ ಒಂದು ಮತವಾಗಿದ್ದರೆ ನಮಗೆ ಪಾಪಿಗಳ ಪಟ್ಟ ಸಿಗುತ್ತಿತ್ತು. ಅದು ಲೆಕ್ಕವಾದ್ದರಿಂದ ಕೇಳುವುದು ಪಾಪವನ್ನಲ್ಲ, ಪ್ರಮಾಣವನ್ನು: ಎಷ್ಟು, ಯಾರು, ಎಷ್ಟು ವರ್ಷದಲ್ಲಿ ಕಡಿಮೆ ಮಾಡುವುದು. ಆ ಎಣ್ಣೆ ನಿಂತ ದಿನ ನಮ್ಮ ಹುಡುಗರು ಏನು ಮಾಡಬೇಕು ಎಂಬುದನ್ನೂ ಈಗಲೇ ಯೋಚಿಸಬೇಕಾಗುತ್ತದೆ.

ಏಸಿ ಮತ್ತು ಕೋಲ್ಡ್ ಸ್ಟೋರೇಜ್ ಕೆಲಸ ಮಾಡುವ ನನಗೆ ಇದು ಅಸಾಧ್ಯ ಅನಿಸುವುದಿಲ್ಲ. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಫ್ರಿಜ್ಜಿನ ಆರ್-12ರಂಥ ಗ್ಯಾಸುಗಳು ಓಝೋನ್ ಪದರ ತಿನ್ನುತ್ತವೆ ಎಂದಾಗ ತಯಾರಕರು ಮೊದಲು ಒಪ್ಪಲಿಲ್ಲ. 1985ರಲ್ಲಿ ದಕ್ಷಿಣ ಧ್ರುವದ ಮೇಲೆ ತೂತು ಅಳತೆಯಲ್ಲಿ ಸಿಕ್ಕಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಈಗ ಆ ಪದರ ನಿಧಾನಕ್ಕೆ ಚೇತರಿಸುತ್ತಿದೆ. ಆರ್-12 ಹೋಗಿ ಆರ್-134ಎ ಬಂತು. ಅದೂ ಶಾಖ ಹಿಡಿಯುವ ಗ್ಯಾಸಾದ್ದರಿಂದ 2016ರ ಕಿಗಾಲಿ ತಿದ್ದುಪಡಿಯಂತೆ ಅಂಥವೂ ಕಡಿಮೆಯಾಗುತ್ತಿವೆ. ಗೇಜು, ಗ್ಯಾಸು ಬದಲಾಯಿಸುವ ಮೆಕಾನಿಕನನ್ನು ಓಝೋನ್ ಮತದವನು ಎಂದು ಯಾರೂ ಕರೆದಿಲ್ಲ.

ಕಡಿಮೆಯೂ ಬೇಡ, ಹೆಚ್ಚೂ ಬೇಡ

ಲೆಕ್ಕ ಎಂದ ಮೇಲೆ ಎರಡೂ ಕಡೆಯ ಅತಿಯನ್ನು ಬಿಡಬೇಕು. ವಯನಾಡಿನ ಆ ದಿನದ ಮಳೆಯನ್ನು ಪರಿಶೀಲಿಸಿದ ವಿಜ್ಞಾನಿಗಳು ಹವಾಮಾನ ಬದಲಾವಣೆಯಿಂದ ಮಳೆ ಸುಮಾರು ಶೇಕಡಾ 10ರಷ್ಟು ಹೆಚ್ಚಾಗಿತ್ತು ಎಂದರು. ಪೂರ್ತಿ ಅದರದ್ದೇ ಕೆಲಸ ಎನ್ನಲಿಲ್ಲ. ಗುಡ್ಡದ ಇಳಿಜಾರು, ಮಣ್ಣು, ನಾವು ಎಲ್ಲಿ ಮನೆ ಕಟ್ಟಿದೆವು ಎಂಬುದಕ್ಕೂ ಪಾಲಿದೆ. 2024ರ ಹಜ್ಜಿನಲ್ಲಿ ಮಕ್ಕಾದ ತಾಪಮಾನ 51.8 ಡಿಗ್ರಿ ಮುಟ್ಟಿ 1,300ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅವರಲ್ಲಿ ಬಹುಪಾಲು ಪರವಾನಗಿ ಇಲ್ಲದೆ ಹೋಗಿ ತಂಪಿನ ಟೆಂಟು ಸಿಗದವರು. ಬಿಸಿಯೂ ನಿಜ, ವ್ಯವಸ್ಥೆಯ ಕೊರತೆಯೂ ನಿಜ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,300 ಟನ್ನಿಗೆ ಇಳಿಯಿತು. ಕಡಲು ಬಿಸಿಯಾದದ್ದೂ ಕಾರಣ, ಮರಿ ಮೀನನ್ನೇ ಬಲೆಗೆ ಹಾಕಿದ್ದೂ ಕಾರಣ. ನಂತರದ ವರ್ಷಗಳಲ್ಲಿ ಅದು ಮತ್ತೆ ಲಕ್ಷ ಟನ್ ದಾಟಿತು. ಬೂತಾಯಿ ಮುಗಿದೇ ಹೋಯಿತು ಎಂದು ಕೂಗಿದವರೂ, ಕಡಲಿಗೆ ಏನೂ ಆಗಿಲ್ಲ ಎಂದವರೂ ಇಬ್ಬರೂ ಲೆಕ್ಕ ನೋಡಲಿಲ್ಲ.

ಹಾಗಾದರೆ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಭೂಮಿ ಬಿಸಿಯಾಗಿದೆ, ಮುಖ್ಯ ಕಾರಣ ನಮ್ಮ ಹೊಗೆ ಎಂಬುದು ಅಳತೆ. ಅದಕ್ಕಾಗಿ ನಾನು ವಿಮಾನ ಹತ್ತುವುದಿಲ್ಲ ಎಂದು ನಿಕಲ್ಸನ್ ಬದುಕಿದ್ದು ನಂಬಿಕೆ. ಅಳತೆಯನ್ನು ಎಲ್ಲರೂ ಒಪ್ಪಬೇಕು. ಹೇಗೆ ಬದುಕಬೇಕು ಎಂಬುದನ್ನು ಅವರವರ ದೀನು, ಅವರವರ ಮನಸ್ಸಾಕ್ಷಿ ಹೇಳುತ್ತದೆ. ನಮಗಂತೂ ಇಸ್ರಾಫ್ ಬೇಡ, ವುಝೂ ಮಾಡುವಾಗಲೂ ನೀರು ದುಂದು ಮಾಡಬೇಡ ಎಂದು ಕಲಿಸಿದ ದೀನು ಇದೆ. ಹೊಸದನ್ನು ಹುಡುಕುವ ಅಗತ್ಯ ಇಲ್ಲ.

ಇದನ್ನು ಓದಿ ಮುಗಿಸಿದವರಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಮದ್ರಸದ ಅಂಗಳದಲ್ಲಿ ಒಂದು ಮಳೆಮಾಪಕ ಇಡಿಸಿ. ಹೆಚ್ಚು ಖರ್ಚಿಲ್ಲ. ಹವಾಮಾನ ಇಲಾಖೆಯವರು ಬೆಳಿಗ್ಗೆ ಎಂಟೂವರೆಗೆ ನೋಡುತ್ತಾರೆ, ಮಕ್ಕಳೂ ಅದೇ ಹೊತ್ತಿಗೆ ನೋಡಿ ಪುಸ್ತಕದಲ್ಲಿ ಬರೆಯಲಿ. 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇಲಾಖೆ ಅದನ್ನು ಮಳೆಯ ದಿನ ಎಂದು ಎಣಿಸುತ್ತದೆ. ಜಮಾಅತಿನ ನಿಕಾಹ್ ರಿಜಿಸ್ಟರ್ ಜೋಪಾನ ಮಾಡಿದ ಹಾಗೆ ಆ ಪುಸ್ತಕವನ್ನೂ ಜೋಪಾನ ಮಾಡಿ. ಮೂವತ್ತು ವರ್ಷ ಕಳೆದು ನಮ್ಮ ಮೊಮ್ಮಕ್ಕಳು ಇದೇ ಜಗಳ ಆಡಿದರೆ, ಅಂಗಡಿಯ ಬೆಂಚಿನಲ್ಲಿ ಯಾರ ದನಿ ದೊಡ್ಡದು ಎಂದು ನೋಡುವ ಬದಲು ಆ ಪುಸ್ತಕವನ್ನು ಬಿಡಿಸಿ ನೋಡಲಿ.